ಮಂದ್ರಕ್ಕೊಂದು ಪೆಟ್ಟಿಗೆ

ತಂಬೂರಿಯ ನಾಲ್ಕು ತಂತಿಗಳಲ್ಲಿ ಕಡೆಯದು ಮಂದ್ರ ಷಡ್ಜದ್ದು. ಕಚೇರಿಗೆ ಹೋದವರಲ್ಲಿ ಬಹುಮಂದಿ ಅದನ್ನು ಕೇಳುವುದಿಲ್ಲ. ಕೇಳಿದರೂ ಕೇಳುತ್ತಿದ್ದೇವೆಂಬ ಅರಿವು ಅವರಿಗಿರುವುದಿಲ್ಲ. ಕಿವಿಯೆಲ್ಲ ಹಾಡುವವರ ಕಂಠದ ಮೇಲೆ, ಪಿಟೀಲಿನ ಕಮಾನಿನ ಮೇಲೆ. ಆದರೆ ಆಲಾಪನೆಯ ನಡುವೆ ಆ ತಂತಿ ಕಿತ್ತುಹೋಗಲಿ, ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಎಲ್ಲರೂ ಏನನ್ನೋ ಕಳೆದುಕೊಂಡವರಂತೆ ತಲೆಯೆತ್ತಿ ನೋಡುತ್ತಾರೆ. ಕಳೆದದ್ದು ಏನೆಂದು ಕೇಳಿದರೆ ಹೇಳಲು ಬಾರದು.

ಪಶ್ಚಿಮದವರ ವಾದ್ಯಮೇಳದಲ್ಲಿ ಈ ಕೆಲಸಕ್ಕೆ ನಿಂತಿರುವುದು 'ಡಬಲ್ ಬೇಸ್' ಎಂಬ ವಾದ್ಯ. ನಿಂತಿರುವುದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಅದು ಆಳೆತ್ತರದ ವಾದ್ಯ. ನುಡಿಸುವವನು ಸಾಮಾನ್ಯವಾಗಿ ಅದನ್ನು ಹೆಗಲಿಗೆ ಒರಗಿಸಿಕೊಂಡು, ಹಳೆಯ ಗೆಳೆಯನನ್ನು ತಬ್ಬಿದಂತೆ ನಿಲ್ಲುತ್ತಾನೆ. ಇಂಗ್ಲಿಷಿನಲ್ಲಿ ತಳಹದಿ ಎಂಬ ಅರ್ಥದ ಮಾತಿಗೂ ಕೆಳಸ್ವರ ಎಂಬ ಅರ್ಥದ ಮಾತಿಗೂ ಕಾಗುಣಿತ ಬೇರೆ, ಉಚ್ಚಾರಣೆ ಒಂದೇ. ನಮ್ಮ ಲಿಪಿ ಉಚ್ಚಾರಣೆಯನ್ನೇ ನಂಬಿರುವುದರಿಂದ ಕನ್ನಡದಲ್ಲಿ ಎರಡನ್ನೂ 'ಬೇಸ್' ಎಂದೇ ಬರೆಯಬೇಕು. ವಾಚಕರು ಒಂದನ್ನು ಇನ್ನೊಂದೆಂದು ತಿಳಿದರೆ ದೊಡ್ಡ ನಷ್ಟವೇನೂ ಆಗದು.

ಈ ವಾದ್ಯದವರು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಪಟ್ಟ ಪಾಡನ್ನೂ, ಆ ಪಾಡನ್ನು ನೀಗಲೆಂದು ಹುಟ್ಟಿದ ಒಂದು ಪೆಟ್ಟಿಗೆಯ ಚರಿತ್ರೆಯನ್ನೂ ಹೇಳಬೇಕೆಂದು ಈ ಬರಹ. ಪಟ್ಟಾಭಿಷೇಕಗಳಿಗೂ ಕದನಗಳಿಗೂ ಮಾತ್ರವೇ ಚರಿತ್ರೆಯಿರಬೇಕೆ? ಪೆಟ್ಟಿಗೆಗಳಿಗೂ ಉಂಟು. ಅದರಲ್ಲಿಯೂ ಈ ಪೆಟ್ಟಿಗೆಯ ಹಳೆಯ ಮಾಲನ್ನು ಹುಡುಕಿಕೊಂಡು ಬೆಂಗಳೂರಿನ ಹುಡುಗರು ಬಡಾವಣೆಯಿಂದ ಬಡಾವಣೆಗೆ ಅಲೆಯುತ್ತಿರುವ ಈ ದಿನಗಳಲ್ಲಿ, ಅದು ಎಲ್ಲಿಂದ ಬಂತು ಎಂದು ಕೇಳಿಕೊಳ್ಳುವುದು ಅಪ್ರಸ್ತುತವಾಗಲಾರದು.

ಮೊದಲು ಸ್ವಲ್ಪ ಲೆಕ್ಕ. ಬೇಸಿನ ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು ೪೧ ಸಲ ಕಂಪಿಸುತ್ತದೆ. ಆ ಸ್ವರದ ಒಂದು ಅಲೆ ಗಾಳಿಯಲ್ಲಿ ೮ ಮೀಟರಿಗಿಂತಲೂ ಉದ್ದ. ನಮ್ಮ ಮನೆಗಳ ಹಜಾರದಲ್ಲಿ ಕಾಲು ಚಾಚಿ ಮಲಗಲು ಅದಕ್ಕೆ ಜಾಗವಿಲ್ಲ. ಇದು ಸಾಲದೆಂಬಂತೆ ಮನುಷ್ಯನ ಕಿವಿಯೂ ಕೆಳಸ್ವರಗಳಿಗೆ ಮಲತಾಯಿ. ಅಮೆರಿಕದ ಬೆಲ್ ಪ್ರಯೋಗಶಾಲೆಯ ಫ್ಲೆಚರ್, ಮನ್ಸನ್ ಎಂಬಿಬ್ಬರು ವಿಜ್ಞಾನಿಗಳು ೧೯೩೩ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನು ಸ್ಪಷ್ಟಪಡಿಸಿದವು. ಕಂಠದ ಮಧ್ಯಸ್ವರಗಳು ಅಷ್ಟಿಷ್ಟು ಶಕ್ತಿಯಲ್ಲಿಯೇ ಕಿವಿಗೆ ಮುಟ್ಟಿದರೆ, ಅದೇ ಮಟ್ಟದಲ್ಲಿ ಕೇಳಿಸಿಕೊಳ್ಳಲು ಆಳದ ಸ್ವರಗಳು ಅದರ ಎಷ್ಟೋ ಪಟ್ಟು ಶಕ್ತಿಯನ್ನು ವ್ಯಯಮಾಡಬೇಕು. ತುತ್ತೂರಿಯವನು ಒಂದು ಉಸಿರಿನಲ್ಲಿ ಪಡೆಯುವುದನ್ನು ಬೇಸಿನವನು ಬೆರಳಿನ ಚರ್ಮ ಸುಲಿದರೂ ಪಡೆಯಲಾರ.

೧೯೩೦ರ ದಶಕದ ಅಮೆರಿಕದ ನೃತ್ಯಮೇಳಗಳನ್ನು ನೆನೆಯಿರಿ. ಸಾಲುಗಟ್ಟಿ ಕುಳಿತ ತುತ್ತೂರಿಗಳು, ಸ್ಯಾಕ್ಸೊಫೋನುಗಳು, ಹಿಂದೆ ಡ್ರಮ್ಮುಗಳು, ಎದುರಿಗೆ ನೂರಾರು ಜೊತೆ ಬೂಟುಗಳ ಕುಣಿತ. ಇವುಗಳ ನಡುವೆ ಬೇಸಿನವನು ಕಮಾನನ್ನು ಬದಿಗಿಟ್ಟು ತಂತಿಯನ್ನು ಬೆರಳಿನಿಂದ ಎಳೆದೆಳೆದು ಬಿಡುತ್ತಿದ್ದ. ಅದು ಹಲಗೆಗೆ ಬಡಿದು 'ಟಪ್' ಎನ್ನುವ ಸದ್ದಾದರೂ ಜನಕ್ಕೆ ಮುಟ್ಟಲಿ ಎಂದು ಅವನ ಆಸೆ. ಸ್ವರ ಮುಟ್ಟುತ್ತಿರಲಿಲ್ಲ, ಪೆಟ್ಟು ಮಾತ್ರ ಮುಟ್ಟುತ್ತಿತ್ತು. ಗಿಟಾರಿನವರ ಪಾಡೂ ಇದಕ್ಕಿಂತ ಬಹಳ ಮೇಲಾಗಿರಲಿಲ್ಲ. ಆದರೆ ಅವರಿಗೆ ವಿದ್ಯುತ್ತಿನ ದಯೆ ಬೇಗ ಒದಗಿತು. ೧೯೩೧-೩೨ರ ವೇಳೆಗೆ ಕ್ಯಾಲಿಫೋರ್ನಿಯದಲ್ಲಿ ವಿದ್ಯುತ್ ಗಿಟಾರು ಹುಟ್ಟಿತು; ೧೯೩೯ರಲ್ಲಿ ಬೆನ್ನಿ ಗುಡ್‌ಮನ್ನನ ಮೇಳವನ್ನು ಸೇರಿದ ಚಾರ್ಲಿ ಕ್ರಿಶ್ಚಿಯನ್ ಎಂಬ ತರುಣ ಆ ಗಿಟಾರನ್ನು ತುತ್ತೂರಿಗಳ ಸರಿಸಮಕ್ಕೆ ತಂದು ನಿಲ್ಲಿಸಿದ. ಸಿಯಾಟಲ್ ನಗರದಲ್ಲಿ ಪಾಲ್ ಟಟ್‌ಮಾರ್ಕ್ ಎಂಬಾತ ೧೯೩೦ರ ದಶಕದ ನಡುವಿನಲ್ಲೇ ವಿದ್ಯುತ್ ಬೇಸೊಂದನ್ನು ಮಾಡಿ ಮಾರಿದ್ದುಂಟು. ಕಾಲ ಪಕ್ವವಾಗುವ ಮೊದಲೇ ಬಂದವರ ಗತಿಯೇ ಅದಕ್ಕೂ ಆಯಿತು. ಆ ವಾದ್ಯಗಳಲ್ಲಿ ಈಗ ಕೈಬೆರಳೆಣಿಕೆಯಷ್ಟು ಉಳಿದಿವೆ.

ಬೇಸಿನವರ ದುಃಖವನ್ನು ತೀರಿಸಹೊರಟವನು ಬೇಸಿನವನೇ. ಎವರೆಟ್ ಹಲ್ ನ್ಯೂಯಾರ್ಕಿನ ಕಡೆಯ ಮೇಳಗಳಲ್ಲಿ ಪಿಯಾನೋವನ್ನೂ ಬೇಸನ್ನೂ ನುಡಿಸುತ್ತಿದ್ದವನು. ಡಬಲ್ ಬೇಸಿನ ಬುಡದಲ್ಲಿ ಅದನ್ನು ನೆಲಕ್ಕೆ ಊರಲು ಒಂದು ಗೂಟವಿರುತ್ತದೆ. ಹಲ್ ಮಾಡಿದ್ದೇನೆಂದರೆ, ಆ ಗೂಟದ ಮೇಲ್ತುದಿಗೆ ಒಂದು ಪುಟ್ಟ ಮೈಕನ್ನು ಕಟ್ಟಿ, ವಾದ್ಯದ ಹೊಟ್ಟೆಯೊಳಕ್ಕೇ ತೂರಿಸಿದ. ಹೊರಗಿನ ಗದ್ದಲ ತಾಗದೆ, ಮರದ ಗರ್ಭದಲ್ಲಿ ಹುಟ್ಟಿದ ನಾದ ಹುಟ್ಟಿದಲ್ಲಿಯೇ ಸೆರೆಸಿಕ್ಕುವ ಉಪಾಯವಿದು. ಗೂಟಕ್ಕೆ ಇಂಗ್ಲಿಷಿನಲ್ಲಿ 'ಪೆಗ್'. ವರ್ಧಿಸಿದ ಪೆಗ್ ಆದ್ದರಿಂದ 'ಆಂಪೆಗ್'. ೧೯೪೬ರಲ್ಲಿ ಸ್ಟ್ಯಾನ್ಲಿ ಮೈಕಲ್ ಎಂಬ ಜೊತೆಗಾರನೊಡನೆ ಆತ ಅಂಗಡಿ ತೆರೆದ. ಮೈಕಿನಿಂದ ಬಂದ ನಾದವನ್ನು ಹಿಗ್ಗಿಸಿ ಸಭೆಗೆ ಒಪ್ಪಿಸಲು ಒಂದು ಆಂಪ್ಲಿಫೈಯರೂ ಬೇಕಷ್ಟೆ; ಅದನ್ನೂ ಅವರೇ ಮಾಡಿದರು. ಜೊತೆಗಾರ ಕೆಲಕಾಲದಲ್ಲೇ ಬಿಟ್ಟುಹೋದ. ಹಲ್ ಒಬ್ಬನೇ ನಡೆಸಿದ. ಗೂಟದ ಹೆಸರು ಕಂಪನಿಯ ಹೆಸರಾಯಿತು. ಕಾಲಕ್ರಮದಲ್ಲಿ ಗೂಟ ಮರೆತುಹೋಗಿ ಪೆಟ್ಟಿಗೆ ಉಳಿಯಿತು.

ಹಲ್ಲನ ಆಶಯ ಸರಳ: ಮರದ ವಾದ್ಯ ಮರದ ವಾದ್ಯದಂತೆಯೇ ಕೇಳಿಸಬೇಕು, ಆದರೆ ಹಿಂದಿನ ಸಾಲಿಗೂ ಕೇಳಿಸಬೇಕು. ಪೆಟ್ಟಿಗೆ ತನ್ನ ದನಿಯನ್ನು ಸೇರಿಸಕೂಡದು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಕಥೆಯೆಲ್ಲ ಈ ಆಶಯವನ್ನು ಕಾಲ ಹೇಗೆ ಬಗ್ಗಿಸಿತು ಎಂಬುದೇ.

ಅಮೆರಿಕದ ಇನ್ನೊಂದು ಕರಾವಳಿಯಲ್ಲಿ ಬೇರೊಬ್ಬನಿದ್ದ. ಲಿಯೊ ಫೆಂಡರನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್ ಎಂಬ ಊರಿನಲ್ಲಿ ೧೯೩೮ರಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟವನು. ಕೆಟ್ಟದ್ದನ್ನು ಬಿಚ್ಚಿ, ಏಕೆ ಕೆಟ್ಟಿತೆಂದು ತಿಳಿದು, ಮತ್ತೆ ಕೆಡದಂತೆ ಮಾಡುವುದು ಅವನ ವಿದ್ಯೆ. ಅವನು ಹಲ್ಲನಂತೆ ಮರದ ವಾದ್ಯದ ಹೊಟ್ಟೆಗೆ ಮೈಕು ತೂರಿಸಲು ಹೋಗಲಿಲ್ಲ, ಹೊಟ್ಟೆಯನ್ನೇ ತೆಗೆದುಹಾಕಿದ. ೧೯೫೧ರಲ್ಲಿ ಅವನು ಹೊರತಂದ 'ಪ್ರಿಸಿಷನ್ ಬೇಸ್' ಗಟ್ಟಿ ಹಲಗೆಯದು, ಗಿಟಾರಿನಂತೆ ಕುತ್ತಿಗೆಗೆ ತೂಗುಹಾಕಿಕೊಳ್ಳುವಂಥದು. ನಮ್ಮ ವೀಣೆಗಿರುವಂತೆ ಅದಕ್ಕೆ ಮೆಟ್ಟಿಲುಗಳಿದ್ದುದರಿಂದ ಸ್ವರ ಕರಾರುವಾಕ್ಕು. ಆ ಹೆಸರಿನ ಅರ್ಥವೇ ಅದು. ಲಯನೆಲ್ ಹ್ಯಾಂಪ್ಟನ್ನನ ಮೇಳದ ಮಂಕ್ ಮಾಂಟ್‌ಗೊಮೆರಿ ಮೊದಲಾದವರು ಅದನ್ನು ಕೈಗೆತ್ತಿಕೊಂಡರು. ಆಳೆತ್ತರದ ಭಾರವನ್ನು ಬಸ್ಸಿನ ಮೇಲೆ ಕಟ್ಟಿಕೊಂಡು ಊರೂರು ತಿರುಗುತ್ತಿದ್ದವರಿಗೆ ಇದು ವರವೇ ಆಯಿತು.

ಆದರೆ ಹೊಟ್ಟೆಯಿಲ್ಲದ ವಾದ್ಯ ತಾನಾಗಿ ಹಾಡಲಾರದು. ಮರದ ಬೇಸು ವಿದ್ಯುತ್ತಿಲ್ಲದಿದ್ದರೂ ಏನೋ ಒಂದಿಷ್ಟು ನುಡಿದೀತು. ಹಲಗೆಯ ಬೇಸಿಗೆ ಪೆಟ್ಟಿಗೆಯೇ ಗಂಟಲು. ಆದುದರಿಂದ ಮಾರನೆಯ ವರ್ಷ, ೧೯೫೨ರಲ್ಲಿ, ಫೆಂಡರ್ ಅದಕ್ಕೆಂದೇ ಒಂದು ಪೆಟ್ಟಿಗೆ ಮಾಡಿದ. ಹೆಸರು 'ಬೇಸ್‌ಮನ್'. ಒಳಗೆ ಹದಿನೈದು ಅಂಗುಲದ ಒಂದು ಸ್ಪೀಕರು. ಎರಡು ಮೂರು ವರ್ಷಗಳಲ್ಲಿ ಅದನ್ನು ಬದಲಾಯಿಸಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳನ್ನಿಟ್ಟ. ದಶಕದ ಕೊನೆಯ ವೇಳೆಗೆ ಅದು ಸುಮಾರು ೪೦ ವಾಟಿನ ಯಂತ್ರವಾಗಿತ್ತು.

ಇಲ್ಲಿ ಚರಿತ್ರೆ ಒಂದು ತಮಾಷೆ ಮಾಡಿತು. ಕೆಳಸ್ವರಗಳನ್ನು ನುಡಿಸುವ ಸ್ಪೀಕರಿನ ಕಷ್ಟ ಸಾಮಾನ್ಯವಲ್ಲ. ಒಂದು ಸ್ವರವನ್ನು ಅಷ್ಟೇ ಗಟ್ಟಿಯಾಗಿ ಒಂದು ಸ್ಥಾಯಿ ಕೆಳಗೆ ನುಡಿಸಬೇಕಾದರೆ ಸ್ಪೀಕರಿನ ಕಾಗದದ ಶಂಕು ಹಿಂದುಮುಂದಕ್ಕೆ ನಾಲ್ಕು ಪಟ್ಟು ದೂರ ಓಡಾಡಬೇಕು. ಅದೂ ಅಲ್ಲದೆ ಶಂಕು ಮುಂದಕ್ಕೆ ಗಾಳಿಯನ್ನು ತಳ್ಳುವಾಗ ಹಿಂದೆ ಎಳೆಯುತ್ತಿರುತ್ತದೆ. ಪೆಟ್ಟಿಗೆಯ ಬೆನ್ನು ತೆರೆದಿದ್ದರೆ ಹಿಂದಿನ ಅಲೆ ಸುತ್ತಿ ಬಂದು ಮುಂದಿನ ಅಲೆಯನ್ನು ನುಂಗಿಹಾಕುತ್ತದೆ. ಮೇಲುಸ್ವರಗಳಿಗೆ ಈ ಆಪತ್ತು ಅಷ್ಟಾಗಿ ಇಲ್ಲ; ಕೆಳಸ್ವರಗಳಿಗೆ ಉಂಟು. ನಾಲ್ಕು ಸ್ಪೀಕರಿನ ಬೇಸ್‌ಮನ್ನಿನ ಬೆನ್ನು ತೆರೆದೇ ಇತ್ತು. ಹೀಗಾಗಿ ಬೇಸಿನವರು ಬಯಸಿದ ಆಳ ಅದರಲ್ಲಿ ಸಿಗಲಿಲ್ಲ; ಗಟ್ಟಿಯಾಗಿ ನುಡಿಸಿದರೆ ಪೆಟ್ಟಿಗೆ ಗೊರಗುಟ್ಟುತ್ತಿತ್ತು. ಆ ಗೊರಗುಟ್ಟುವಿಕೆಯನ್ನು ಕೇಳಿ ಮರುಳಾದವರು ಗಿಟಾರಿನವರು! ವಾಲ್ವು ತನ್ನ ಶಕ್ತಿ ಮೀರಿ ದುಡಿಯುವಾಗ ಅಲೆಯ ತಲೆಯನ್ನು ಮೊಟಕುಮಾಡುತ್ತದೆ. ಮೊಟಕಾದ ಅಲೆಯಿಂದ ಮೂಲದಲ್ಲಿಲ್ಲದ ಮೇಲುಸ್ವರಗಳು ಹುಟ್ಟುತ್ತವೆ. ಗಿಟಾರಿನಲ್ಲಿ ಅದು ಒಡಕಲು ಎನ್ನಿಸದೆ, ಆವೇಶ ಬಂದ ಕಂಠದಂತೆ ಕೇಳಿಸಿತು. ಬೇಸಿಗೆಂದು ಹೊಲಿಸಿದ ಅಂಗಿಯನ್ನು ತಮ್ಮ ತೊಟ್ಟ ಹಾಗಾಯಿತು. ಅಣ್ಣ ಮತ್ತೆ ಬರಿಮೈ.

ತಮಾಷೆ ಅಲ್ಲಿಗೆ ಮುಗಿಯಲಿಲ್ಲ. ಲಂಡನ್ನಿನ ಪಶ್ಚಿಮಕ್ಕೆ ಹ್ಯಾನ್‌ವೆಲ್ ಎಂಬಲ್ಲಿ ಜಿಮ್ ಮಾರ್ಷಲ್ ಎಂಬ ಡ್ರಮ್ಮಿನ ಮೇಷ್ಟರು ೧೯೬೦ರಲ್ಲಿ ವಾದ್ಯಗಳ ಅಂಗಡಿ ತೆರೆದರು. ಅಮೆರಿಕದಿಂದ ಬರುವ ಫೆಂಡರ್ ಪೆಟ್ಟಿಗೆಗಳಿಗೆ ಅಲ್ಲಿ ಬಹಳ ಬೆಲೆ. ಬರುವ ಹುಡುಗರ ಜೇಬಿನಲ್ಲಿ ಅಷ್ಟು ಹಣವಿಲ್ಲ. ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬ ಇಬ್ಬರ ನೆರವಿನಿಂದ ಮಾರ್ಷಲ್ಲರು ೧೯೬೨ರ ಸುಮಾರಿಗೆ ಒಂದು ಪೆಟ್ಟಿಗೆ ತಯಾರಿಸಿದರು. ಒಳಗಿನ ಸರ್ಕ್ಯೂಟು ಹೆಚ್ಚುಕಡಿಮೆ ಬೇಸ್‌ಮನ್ನಿನದೇ. ಸ್ಪೀಕರು ಮತ್ತು ಕೆಲವು ಸಾಮಾನುಗಳು ಮಾತ್ರ ಇಂಗ್ಲೆಂಡಿನವು. ಪೀಟ್ ಟೌನ್‌ಸೆಂಡನಂಥ ತರುಣರು ಆ ಅಂಗಡಿಯ ಗಿರಾಕಿಗಳು. ಆಮೇಲೆ ಇಪ್ಪತ್ತು ವರ್ಷ ಜಗತ್ತಿನ ಮೈದಾನಗಳಲ್ಲೆಲ್ಲ ಮೊರೆದ ಮಾರ್ಷಲ್ ಪೆಟ್ಟಿಗೆಯ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ, ಬುಡದಲ್ಲಿ ಸಿಗುವುದು ಬೇಸಿನವರ ದನಿ ಕೇಳಿಸಲಿ ಎಂದು ಮಾಡಿದ ಒಂದು ಸಾಧು ಯಂತ್ರ. ಬೇಸಿನವನನ್ನು ಮುಳುಗಿಸುವ ಗದ್ದಲ ಅವನನ್ನು ಎತ್ತಲೆಂದು ಮಾಡಿದ ಪೆಟ್ಟಿಗೆಯಿಂದಲೇ ಹುಟ್ಟಿತೆನ್ನಬೇಕು.

ಹಲ್ ಇದನ್ನೆಲ್ಲ ಕೇಳಿ ಮುಖ ಸಿಂಡರಿಸಿದ. ಆತನಿಗೆ ರಾಕ್ ಅಂಡ್ ರೋಲ್ ಕಂಡರಾಗದು. ಪೆಟ್ಟಿಗೆ ಒಡಕುದನಿ ಮಾಡುವುದೆಂದರೆ ಆತನ ದೃಷ್ಟಿಯಲ್ಲಿ ಅದು ಕೆಟ್ಟಿದೆ ಎಂದೇ ಅರ್ಥ. ಫೆಂಡರನ ಪೆಟ್ಟಿಗೆಗಳು ತರುಣರ ಕೈಸೇರಿ ಹಣ ತರುತ್ತಿರುವಾಗ ಇವನು ತಿಳಿದನಿಯ ವ್ರತವನ್ನು ಬಿಡಲಿಲ್ಲ. ವ್ಯಾಪಾರಿಯಾಗಿ ಇದು ಮೊಂಡುತನವೇ. ಆದರೆ ಆ ಮೊಂಡುತನದಿಂದಲೇ ಇಡೀ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಅಚ್ಚುಕಟ್ಟೆಂದು ತೋರುವ ವಸ್ತು ಹುಟ್ಟಿತು.

೧೯೫೬ರಲ್ಲಿ ಹಲ್ಲನ ಕೆಲಸಕ್ಕೆ ಸೇರಿದ ಜೆಸ್ ಆಲಿವರ್ ಎಂಬ ಎಂಜಿನಿಯರ್ ೧೯೬೦ರಲ್ಲಿ 'ಪೋರ್ಟಾಫ್ಲೆಕ್ಸ್' ಎಂಬುದನ್ನು ರೂಪಿಸಿದ. ಅದರಲ್ಲಿ ಹೆಸರಾದದ್ದು ಬಿ-೧೫. ಹದಿನೈದು ಅಂಗುಲದ ಒಂದೇ ಸ್ಪೀಕರಿನದು. ಪೆಟ್ಟಿಗೆಯ ಬೆನ್ನು ಮುಚ್ಚಿತ್ತು. ಒಳಗಿನ ಗಾಳಿ ಹೊರಬರಲು ಅಳತೆಮಾಡಿ ಕೊರೆದ ದಾರಿಯಿತ್ತು. ಕೆಳಸ್ವರ ಕೆಳಸ್ವರವಾಗಿಯೇ ಹೊರಬರುತ್ತಿತ್ತು. ವಾಲ್ವುಗಳ ಭಾಗ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಕೊಂಡಿತ್ತು. ನುಡಿಸುವಾಗ ಅದು ಮೇಲೆ; ಕಚೇರಿ ಮುಗಿದ ಮೇಲೆ ಮುಚ್ಚಳವನ್ನು ಮಗುಚಿದರೆ ವಾಲ್ವುಗಳೆಲ್ಲ ತಲೆಕೆಳಗಾಗಿ ಪೆಟ್ಟಿಗೆಯೊಳಗೆ ಸುರಕ್ಷಿತವಾಗಿ ಅಡಗುತ್ತಿದ್ದವು. ನಮ್ಮ ಹಿರಿಯರು ಪ್ರಯಾಣಕ್ಕೆ ಕೊಂಡೊಯ್ಯುತ್ತಿದ್ದ ಅಡಕೆಲೆಯ ಚೆಲ್ಲಪೆಟ್ಟಿಗೆಯ ಜಾಣತನವೇ ಇದು, ಗಾತ್ರ ಮಾತ್ರ ಬೇರೆ. ಶಕ್ತಿ ಮೂವತ್ತು ವಾಟಿನ ಆಸುಪಾಸು, ಅಷ್ಟೆ. ಆದರೂ ಅಮೆರಿಕದ ಧ್ವನಿಮುದ್ರಣ ಶಾಲೆಗಳಲ್ಲಿ ಅದು ಮನೆಯ ಮಗನಾಗಿಬಿಟ್ಟಿತು.

ಬಿ-೧೫ರ ಮಾತು ಬಂದಾಗ ಜೇಮ್ಸ್ ಜೇಮರ್ಸನ್ನನ ಹೆಸರನ್ನು ಹೇಳದಿದ್ದರೆ ಕೃತಘ್ನತೆಯಾದೀತು. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳು ೧೯೬೦ರ ದಶಕದಲ್ಲಿ ಲೋಕವನ್ನೆಲ್ಲ ಕುಣಿಸಿದವು. ಆ ಹಾಡುಗಳ ಕೆಳಗೆ ಹರಿಯುವ ಬೇಸು ಬಹುಪಾಲು ಆತನದು. ಹೊರಗಿನ ಕಚೇರಿಗಳಿಗೆ ಅವನ ಜೊತೆ ಬಿ-೧೫ ಹೋಗುತ್ತಿತ್ತು. ಮುದ್ರಣಶಾಲೆಯಲ್ಲಿ ಮಾತ್ರ ಅವನ ವಾದ್ಯದ ತಂತಿ ಹೆಚ್ಚಾಗಿ ನೇರ ಮುದ್ರಣಯಂತ್ರಕ್ಕೇ ಹೋಗುತ್ತಿದ್ದುದು. ಲಕ್ಷಗಟ್ಟಲೆ ಮಾರಿದ ಆ ತಟ್ಟೆಗಳ ಮೇಲೆ ಗಾಯಕರ ಹೆಸರಿತ್ತು, ಸಂಸ್ಥೆಯ ಹೆಸರಿತ್ತು; ವಾದ್ಯದವರ ಹೆಸರಿರಲಿಲ್ಲ. ೧೯೭೧ರಲ್ಲಿ ಮಾರ್ವಿನ್ ಗೇಯ ಒಂದು ಸಂಪುಟದ ಹೊದಿಕೆಯ ಮೇಲೆ ಮೊದಲ ಸಲ ಅವರ ಹೆಸರುಗಳು ಅಚ್ಚಾದವು. ಅಷ್ಟರಲ್ಲಿ ಹತ್ತು ವರ್ಷ ಸಂದಿತ್ತು. ಜೇಮರ್ಸನ್ ೧೯೮೩ರಲ್ಲಿ ತೀರಿಕೊಂಡ. ಅದಕ್ಕೆ ಸ್ವಲ್ಪ ದಿನ ಮೊದಲು ಅವನ ನೆಚ್ಚಿನ ಬೇಸು ಕಳುವಾಗಿತ್ತು. ದನಿಗೆ ಪೆಟ್ಟಿಗೆ ದೊರೆತರೂ ದನಿಯ ಒಡೆಯನಿಗೆ ಹೆಸರು ದೊರೆಯುವುದು ಬೇರೆಯೇ ಸಂಗತಿ. ನಮ್ಮ ಸಿನಿಮಾ ಹಾಡುಗಳಲ್ಲಿ ನುಡಿಸಿದ ವಾದ್ಯದವರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಇತ್ತ ಸಭೆಗಳು ಮೈದಾನಗಳಾಗುತ್ತಿದ್ದವು. ೧೯೬೫ರ ಆಗಸ್ಟ್ ೧೫ರಂದು ಬೀಟಲ್ಸ್ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ೫೫,೦೦೦ಕ್ಕೂ ಮೀರಿದ ಜನದ ಎದುರು ಹಾಡಿದರು. ಅವರ ಹಿಂದಿದ್ದದ್ದು ತಲಾ ನೂರು ವಾಟಿನ ಪೆಟ್ಟಿಗೆಗಳು. ಜನದ ಕೂಗಿನಲ್ಲಿ ತಾವು ನುಡಿಸಿದ್ದು ಅವರಿಗೇ ಕೇಳಿಸಲಿಲ್ಲ. ಹಲ್ಲನ ತಿಳಿದನಿಯ ಮೂವತ್ತು ವಾಟು ಇಂಥ ಕಡೆ ಏನು ಮಾಡೀತು? ೧೯೬೭ರಲ್ಲಿ ಆತ ಕಂಪನಿಯನ್ನು ಮಾರಿದ; ಮರುವರ್ಷ ಹೊರಬಂದ. ಹೊಸ ಯಜಮಾನರಿಗೆ ಹಳೆಯ ವ್ರತದ ಹಂಗಿರಲಿಲ್ಲ. ೧೯೬೯ರಲ್ಲಿ ಅದೇ ಆಂಪೆಗ್ ಹೆಸರಿನಲ್ಲಿ 'ಎಸ್‌ವಿಟಿ' ಎಂಬ ದೈತ್ಯ ಹೊರಬಿತ್ತು: ಮುನ್ನೂರು ವಾಟು, ಹದಿನಾಲ್ಕು ವಾಲ್ವು, ಆಂಪ್ಲಿಫೈಯರೊಂದೇ ೩೮ ಕಿಲೋ, ಅದರ ಕೆಳಗೆ ನಾಲ್ಕಡಿ ಎತ್ತರದ ಕಪಾಟಿನಂಥ ಪೆಟ್ಟಿಗೆಯಲ್ಲಿ ಎಂಟು ಸ್ಪೀಕರು. ಆ ವರ್ಷ ರೋಲಿಂಗ್ ಸ್ಟೋನ್ಸ್ ಅಮೆರಿಕ ಪ್ರವಾಸಕ್ಕೆ ಅದನ್ನೇ ಒಯ್ದರು. ಬೇಸಿಗೆ ಮಾತ್ರವಲ್ಲ; ಗಿಟಾರುಗಳನ್ನೂ ಅದಕ್ಕೇ ಸಿಕ್ಕಿಸಿದರು. ಹಳೆಯ ಕಥೆಯೇ ಮತ್ತೆ! ಆ ಸ್ಟೋನ್ಸರೇ ೨೦೦೩ರ ಏಪ್ರಿಲ್ ೪ರಂದು ನಮ್ಮ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿಹೋದದ್ದು ವಾಚಕರಲ್ಲಿ ಕೆಲವರಿಗೆ ನೆನಪಿರಬಹುದು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ೧೯೪೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ೧೯೬೦ರ ದಶಕದ ಕೊನೆಗೆ ಬೇಸಿನ ಪೆಟ್ಟಿಗೆಗಳನ್ನು ಹೊಕ್ಕಿತು. ವಾಲ್ವುಗಳ ಬಿಸಿ ಹೋಯಿತು, ಭಾರ ಸ್ವಲ್ಪ ತಗ್ಗಿತು. ಈ ಶತಮಾನದಲ್ಲಿ ವಿದ್ಯುತ್ತನ್ನು ಸೆಕೆಂಡಿಗೆ ಲಕ್ಷಾಂತರ ಸಲ ಹಚ್ಚಿ ಆರಿಸಿ ಶಕ್ತಿ ಪೋಲಾಗದಂತೆ ಮಾಡುವ 'ಕ್ಲಾಸ್ ಡಿ' ಎಂಬ ಬಗೆಯೂ, ನಿಯೋಡಿಮಿಯಮ್ ಎಂಬ ಹಗುರವಾದ ಅಯಸ್ಕಾಂತವೂ ಬಂದು, ಐನೂರು ವಾಟಿನ ಯಂತ್ರ ಒಂದು ದಪ್ಪ ನಿಘಂಟಿನ ಗಾತ್ರಕ್ಕಿಳಿದಿದೆ. ನಮ್ಮಲ್ಲಿಯೂ ಮಂದ್ರಕ್ಕೊಂದು ಪೆಟ್ಟಿಗೆ ಹುಟ್ಟದೆ ಇರಲಿಲ್ಲ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯ ಎಂಜಿನಿಯರೂ ಕೊಳಲುವಾದಕರೂ ಆಗಿದ್ದ ಜಿ. ರಾಜ್ ನಾರಾಯಣ್ ಅವರು ೧೯೭೯ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ತಯಾರಿಸಿದರು. ಈಗ ಅಂಥ ಪೆಟ್ಟಿಗೆಯಿಲ್ಲದ ಸಂಗೀತದ ಪಾಠಶಾಲೆಯನ್ನು ಹುಡುಕಬೇಕಾದೀತು. ಅದು ಹಲ್ಲನದಕ್ಕೆ ತದ್ವಿರುದ್ಧವಾದ ಉಪಾಯ. ಇದ್ದ ದನಿಯನ್ನು ದೊಡ್ಡದು ಮಾಡಲಿಲ್ಲ, ದನಿಯನ್ನೇ ಹೊಸದಾಗಿ ಹುಟ್ಟಿಸಿತು.

ಹೊಸವು ಹಗುರವಾದದ್ದರಿಂದ ಹಳೆಯ ಭಾರದ ಪೆಟ್ಟಿಗೆಗಳು ಮೂಲೆಗೆ ಬಿದ್ದವು. ವೇದಿಕೆಯಿಂದ ವೇದಿಕೆಗೆ ಹೊರುವವನಿಗೆ ಬೇಡವಾದದ್ದು, ಮನೆಯ ಮೂಲೆಯಲ್ಲಿ ಇಟ್ಟಲ್ಲೇ ಇಟ್ಟಿರುವವನಿಗೆ ಅಗ್ಗವಾಗಿ ಸಿಕ್ಕಿತು. ಮನೆಯಲ್ಲಿ ನಾಲ್ಕು ಜನ ಗೆಳೆಯರು ಸೇರಿ, ಕಾಗದದಲ್ಲಿ ಬರೆದ ಸ್ವರವಿಲ್ಲದೆ, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಜೋಡಿಸುವಂತೆ ನುಡಿಸುವುದನ್ನು ಅವರು 'ಜ್ಯಾಮ್' ಎನ್ನುತ್ತಾರೆ. ಹಣ್ಣಿನ ಜ್ಯಾಮಿಗೂ ಇದಕ್ಕೂ ಸಂಬಂಧ ಕಲ್ಪಿಸಲು ನಾನು ಹೊರಡುವುದಿಲ್ಲ. ವಾದ್ಯಗಳ ಹರಟೆ ಎಂದರೆ ಸಾಕು. ನಮ್ಮಕ್ಕನ ಮಗನೊಬ್ಬ ಬಸವನಗುಡಿಯಲ್ಲಿ ಮಹಡಿಯ ಕೋಣೆಯೊಂದರಲ್ಲಿ ಇಂಥ ಹರಟೆ ನಡೆಸುತ್ತಾನೆ. ಅವನದು ಬೇಸು. ಅವನ ಬಳಿ ಆಗಲೇ ಹದಿನೈದು ವಾಟಿನ, ಎಂಟು ಅಂಗುಲದ ಸ್ಪೀಕರಿನ ಒಂದು ಪುಟ್ಟ ಪೆಟ್ಟಿಗೆಯಿತ್ತು. ದೊಡ್ಡದು ಬೇಕೆಂದು ಹಟ ಹಿಡಿದ. "ಇರೋದಕ್ಕೆ ಏನಾಗಿದೆಯೋ?" ಎಂದು ಕೇಳಿದೆ.

"ಒಬ್ಬನೇ ನುಡಿಸಿದರೆ ಏನೂ ಆಗಿಲ್ಲ ಮಾಮ. ಡ್ರಮ್ಸ್ ಶುರುವಾಯಿತೋ, ನಾನು ನುಡಿಸ್ತಿದೀನೋ ಬಿಟ್ಟಿದೀನೋ ನನಗೇ ಗೊತ್ತಾಗಲ್ಲ."

ಎವರೆಟ್ ಹಲ್ಲನ ಹೆಸರನ್ನು ಆ ಹುಡುಗ ಕೇಳಿರಲಿಲ್ಲ. ಆದರೆ ಮಾತು ಅವನದೇ.

ಮೂವತ್ತು ವಾಟಿನದು ತಂದರೆ ದನಿ ಎರಡರಷ್ಟಾಗುತ್ತದೆಂದು ಅವನ ಗೆಳೆಯರ ಲೆಕ್ಕ. ಕಿವಿಯ ಲೆಕ್ಕ ಹಾಗಿಲ್ಲ. ಶಕ್ತಿ ಎರಡು ಪಟ್ಟಾದರೆ ಕಿವಿಗೆ 'ಏನೋ ಸ್ವಲ್ಪ ಹೆಚ್ಚಾಯಿತು' ಎನ್ನಿಸುತ್ತದೆ, ಅಷ್ಟೆ; ದನಿ ಎರಡರಷ್ಟಾಯಿತೆನ್ನಿಸಲು ಶಕ್ತಿ ಹೆಚ್ಚುಕಡಿಮೆ ಹತ್ತು ಪಟ್ಟಾಗಬೇಕು. ಹದಿನೈದರಿಂದ ಮೂವತ್ತಕ್ಕೆ ಹೋಗುವುದಕ್ಕಿಂತ ಎಂಟು ಅಂಗುಲದ ಶಂಕಿನಿಂದ ಹದಿನೈದು ಅಂಗುಲದ್ದಕ್ಕೆ ಹೋಗುವುದರಲ್ಲಿ ಹೆಚ್ಚು ಲಾಭ. ತಳ್ಳುವ ಗಾಳಿ ಹೆಚ್ಚು. ಶಂಕು ಕಡಿಮೆ ದೂರ ಓಡಾಡಿದರೂ ಕೆಲಸ ನಡೆಯುತ್ತದೆ. ಜೆಸ್ ಆಲಿವರ್ ಮೂವತ್ತು ವಾಟಿನಲ್ಲೇ ಸಾಧಿಸಿದ್ದರ ಗುಟ್ಟೂ ಮುಕ್ಕಾಲುಪಾಲು ಪೆಟ್ಟಿಗೆಯಲ್ಲಿಯೇ ಇತ್ತು, ವಾಟಿನಲ್ಲಲ್ಲ.

ಹಳೆಯದನ್ನು ಕೊಳ್ಳುವಾಗ ನೋಡಬೇಕಾದವು ಹಲವಿವೆ. ಅಮೆರಿಕದಿಂದ ಬಂದ ಮಾಲಾದರೆ ಅದು ನೂರಿಪ್ಪತ್ತು ವೋಲ್ಟಿನದು. ನಮ್ಮ ಗೋಡೆಯ ೨೩೦ ವೋಲ್ಟಿಗೆ ಹಾಗೇ ಸಿಕ್ಕಿಸಿದರೆ ಅಲ್ಲಿಗೆ ಕಥೆ ಮುಗಿಯಿತು. ಹಿಂಬದಿಯ ಚೀಟಿಯನ್ನು ಓದದೆ ಕೈಹಾಕಬಾರದು. ಏನೂ ನುಡಿಸದಿರುವಾಗಲೂ ಗುಂಯ್ ಎನ್ನುತ್ತಿದ್ದರೆ ಒಳಗಿನ ಕೆಪಾಸಿಟರುಗಳು ಒಣಗಿರಬಹುದು. ಶಂಕನ್ನು ಎರಡು ಕಡೆ ಬೆರಳಿಟ್ಟು ಹಗುರವಾಗಿ ಒತ್ತಿದರೆ ಸದ್ದಿಲ್ಲದೆ ಹೋಗಿಬರಬೇಕು. ಕೆರೆದಂತಾದರೆ ಸುರುಳಿ ಉಜ್ಜುತ್ತಿದೆಯೆಂದು ತಿಳಿಯಬೇಕು. ಎಲ್ಲಕ್ಕಿಂತ ಕೆಳಗಿನ ತಂತಿಯನ್ನು ಗಟ್ಟಿಯಾಗಿ ನುಡಿಸಿ ಕೇಳದೆ ಹಣ ಎಣಿಸಬಾರದು. ಮೇಲಿನ ಸ್ವರಗಳಲ್ಲಿ ಅಡಗಿದ ರೋಗ ಅಲ್ಲಿ ಹೊರಬೀಳುತ್ತದೆ. ವಾಲ್ವಿನ ಪೆಟ್ಟಿಗೆಯನ್ನಂತೂ ತಿಳಿಯದವರು ಬಿಚ್ಚಲೇಬಾರದು. ಪ್ಲಗ್ಗನ್ನು ಕಿತ್ತ ಮೇಲೂ ಒಳಗೆ ನಾನೂರು ವೋಲ್ಟು ಹೊಂಚುಹಾಕಿ ಕುಳಿತಿರಬಹುದು.

ಹುಡುಗನಿಗೆ ಕಡೆಗೆ ದೊರೆತದ್ದು ಊರು ಬಿಟ್ಟು ಹೋಗುತ್ತಿದ್ದ ವಾದಕರೊಬ್ಬರ ನೂರು ವಾಟಿನ, ಹದಿನೈದು ಅಂಗುಲದ ಟ್ರಾನ್ಸಿಸ್ಟರ್ ಪೆಟ್ಟಿಗೆ. ಮೂಲೆಗಳ ಕಪ್ಪು ಹೊದಿಕೆ ಹರಿದಿತ್ತು, ಒಂದು ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತಿತ್ತು, ಮಿಕ್ಕಂತೆ ಗಟ್ಟಿಮುಟ್ಟು. ಇಬ್ಬರು ಹಿಡಿದು ಮಹಡಿಗೆ ಏರಿಸಿದರು. ಮೊದಲ ದಿನ ಅವನ ಮುಖ ನೋಡಬೇಕಿತ್ತು. ಡ್ರಮ್ಮಿನವನು ತಿರುಗಿ ಇವನ ಬೆರಳನ್ನು ನೋಡಿ ಪೆಟ್ಟು ಹಾಕುತ್ತಿದ್ದ. ಅಷ್ಟು ದಿನ ಹಾಗೆ ನೋಡಿರಲಿಲ್ಲವಂತೆ.

ಕೋಣೆ ಹನ್ನೆರಡು ಅಡಿ ಉದ್ದದ್ದು. ಅಷ್ಟು ಉದ್ದದ ಗೋಡೆಗಳ ನಡುವೆ ಸೆಕೆಂಡಿಗೆ ೪೭ರ ಸುಮಾರಿನ ಕಂಪನ ಸಿಕ್ಕಿಕೊಂಡು ಉಬ್ಬುತ್ತದೆ. ಬೇಸಿನ ಕೆಳತಂತಿಯ ಎರಡನೆಯ ಮೆಟ್ಟಿಲಿನ ಸ್ವರ ಅದಕ್ಕೆ ತೀರ ಸಮೀಪ. ಆ ಒಂದು ಸ್ವರ ಬಂದಾಗಲೆಲ್ಲ ಕೋಣೆ ತಾನೇ ಹಾಡಲು ತೊಡಗಿತು. ಗಿಟಾರಿನ ಕೂಗನ್ನು, ತಾಳದ ತಟ್ಟೆಗಳ ಝಣತ್ಕಾರವನ್ನು ಇಟ್ಟಿಗೆಯ ಗೋಡೆ, ತಾರಸಿಗಳು ಬಹುಮಟ್ಟಿಗೆ ತಡೆಯುತ್ತವೆ. ಆಳದ ಅಲೆಯನ್ನು ತಡೆಯುವುದು ಅವುಗಳಿಂದಾಗದು. ಕೋಣೆಯ ಒಳಗೆ ಎಲ್ಲರಿಗಿಂತ ಕಡಿಮೆ ಕೇಳಿಸುತ್ತಿದ್ದವನು ಕೋಣೆಯ ಹೊರಗೆ ಅವನೊಬ್ಬನೇ ಕೇಳಿಸುವಂತಾಯಿತು. ಕೆಳಗಿನ ಮನೆಯ ಅಜ್ಜಿ ಮರುದಿನ ನನ್ನನ್ನು ಗೇಟಿನಲ್ಲೇ ತಡೆದರು.

"ಏನಪ್ಪ, ನಿಮ್ಮ ಹುಡುಗರು ಮೇಲೆ ಖಾರದಪುಡಿ ಕುಟ್ಟಿಸ್ತಾ ಇದಾರೇನು? ನಮ್ಮ ತಟ್ಟೆ ಸ್ಟ್ಯಾಂಡೆಲ್ಲ ಗಡಗಡ ಅಂತದೆ."

ಸಂಗೀತ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಹುಡುಗನನ್ನೇ ಕಳಿಸಿದೆ. ಅವನು ಅವರನ್ನು ಮೇಲಕ್ಕೆ ಕರೆದು, ಕುರ್ಚಿ ಹಾಕಿ ಕೂರಿಸಿ, ಒಬ್ಬನೇ ಮೆಲ್ಲಗೆ ನುಡಿಸಿ ತೋರಿಸಿದನಂತೆ. ಅಜ್ಜಿ ಸ್ವಲ್ಪ ಹೊತ್ತು ಕೇಳಿ, "ಇದು ತಂಬೂರಿ ಕೆಲಸ ತಾನೆ? ಅದಕ್ಕೆ ಇಷ್ಟು ದೊಡ್ಡ ಡಬ್ಬ ಯಾಕಪ್ಪ?" ಎಂದರಂತೆ. ಪೆಟ್ಟಿಗೆಯನ್ನು ಮೂಲೆಯಿಂದ ಎಳೆದು ನಡುವಿಗೆ ತಂದು, ಕೆಳಗೆ ದಪ್ಪನೆಯ ಫೋಮಿನ ಹಾಸುಗೆ ಹಾಕಿದ್ದಾರೆ. ಮೂಲೆಯಲ್ಲಿಟ್ಟ ಪೆಟ್ಟಿಗೆಗೆ ಎರಡು ಗೋಡೆಗಳೂ ನೆಲವೂ ಸೇರಿ ದನಿ ಕೊಡುತ್ತಿದ್ದುದು ಅದರಿಂದ ತಗ್ಗಿತು. ಈಗ ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನುಡಿಸಲು ಅಪ್ಪಣೆಯಾಗಿದೆ. ಆ ಹೊತ್ತಿನಲ್ಲಿ ಅಜ್ಜಿ ದೊಡ್ಡ ಬಸವಣ್ಣನ ಗುಡಿಗೆ ಹೋಗಿರುತ್ತಾರೆ. ತಟ್ಟೆ ಸ್ಟ್ಯಾಂಡನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಸರಿಸಿಕೊಂಡಿದ್ದಾರೆ.